ಮೂಗಿನ ಮಾರ್ಗವಾಗಿ ಮೆದುಳಿಗೆ ಔಷಧ: ಒಂದು ಚಾರಿತ್ರಿಕ ವಿವೇಚನೆ

ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ತಯಾರಿಸುವ ಕಾರ್ಖಾನೆಗಳಿವೆ. ಅವುಗಳ ನೆರೆಯಲ್ಲಿ ಇತಿಹಾಸವನ್ನು ಬೋಧಿಸುವ ನಮಗೆ, ಮೆದುಳಿನ ರೋಗಗಳಿಗೆ ಮೂಗಿನ ಮೂಲಕ ಮದ್ದು ಕೊಡುವ ಹೊಸ ಪ್ರಯತ್ನಗಳ ಮಾತು ಬಂದಾಗ, 'ಇದು ನಮ್ಮ ನಸ್ಯವೇ ಅಲ್ಲವೆ?' ಎಂಬ ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ.

ನಸ್ಯವು ಪಂಚಕರ್ಮಗಳಲ್ಲೊಂದು. ಚರಕ ವಾಗ್ಭಟರ ಸಂಹಿತೆಗಳು ಮೂಗನ್ನು ಶಿರಸ್ಸಿನ ದ್ವಾರವೆಂದೇ ಎಣಿಸಿ, ಅಪಸ್ಮಾರ ಉನ್ಮಾದಗಳಿಗೂ ಅದನ್ನು ವಿಧಿಸಿವೆ. ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಚಿಕಿತ್ಸೆಗೆ ನಸ್ಯವನ್ನು ಹೇಳಿದ್ದಾನೆ. ಪ್ರಾಚೀನರು ಈ ಮಾರ್ಗವನ್ನು ಬಳಸಿದ್ದರೆಂಬುದು ಇದರಿಂದ ಸ್ಪಷ್ಟ. ಆದರೆ ಇಂದಿನ ವಿಜ್ಞಾನದ ತೊಡಕು ಅವರದಾಗಿರಲಿಲ್ಲ.

ಆ ತೊಡಕಿನ ಸುಳಿವು ದೊರೆತುದು 1885ರಲ್ಲಿ. ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದಾಗ ಇತರ ಅಂಗಗಳು ಬಣ್ಣಗೊಂಡವು, ಮೆದುಳು ಮಾತ್ರ ಹಾಗೆಯೇ ಉಳಿಯಿತು. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆಯುಂಟೆಂದು ಮುಂದೆ ತಿಳಿದುಬಂದಿತು. ಅನೇಕ ಔಷಧಗಳನ್ನು ಹೊರಗೇ ನಿಲ್ಲಿಸುವುದು ಈ ತಡೆಯೇ. ಘ್ರಾಣನರದ ಎಳೆಗಳಾದರೋ ಮೂಗಿನ ಮೇಲ್ಭಾಗದಿಂದ ಎಲುಬಿನ ಸಣ್ಣ ರಂಧ್ರಗಳನ್ನು ಹಾದು ನೇರವಾಗಿ ಮೆದುಳನ್ನು ಸೇರುತ್ತವೆ.

ಈ ದಾರಿಯ ಚರಿತ್ರೆಯಲ್ಲಿ ವಿಷಾದಕರವಾದ ಅಧ್ಯಾಯವೊಂದುಂಟು. ನಮ್ಮ ಪಠ್ಯಗಳು ಅದನ್ನು ಹೇಳುವುದೇ ಅಪರೂಪ. ಪೋಲಿಯೋ ವಿಷಾಣು ಮೂಗಿನಿಂದಲೇ ಮೆದುಳಿಗೇರುತ್ತದೆಂದು ಆಗಿನ ವಿದ್ವಾಂಸರು ನಂಬಿದ್ದರು. ಕೋತಿಗಳ ಮೇಲಿನ ಪ್ರಯೋಗಗಳೇ ಆ ನಂಬಿಕೆಗೆ ಆಧಾರ. 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸುಮಾರು 5,000 ಮಕ್ಕಳ ಮೂಗಿನ ಮೇಲ್ಭಾಗಕ್ಕೆ ಸತುವಿನ ಸಲ್ಫೇಟನ್ನು ಸಿಂಪಡಿಸಿ, ಆ ಬಾಗಿಲನ್ನು ಮುಚ್ಚಲೆತ್ನಿಸಿದರು. ರೋಗ ತಡೆಯಲಿಲ್ಲ, ಕೆಲವು ಮಕ್ಕಳು ವಾಸನೆಯ ಶಕ್ತಿಯನ್ನೇ ಕಳೆದುಕೊಂಡರು. ವಿಷಾಣು ಮನುಷ್ಯರಲ್ಲಿ ಮುಖ್ಯವಾಗಿ ಬಾಯಿಯಿಂದ ಕರುಳಿಗಿಳಿಯುತ್ತದೆಂಬುದು ಆಮೇಲೆ ನಿಶ್ಚಿತವಾಯಿತು.

ಮುಚ್ಚಹೊರಟ ಬಾಗಿಲನ್ನೇ ಔಷಧಕ್ಕಾಗಿ ತೆರೆಯುವ ವಿಚಾರವನ್ನು 1989ರಲ್ಲಿ ಅಮೆರಿಕದ ವಿಲಿಯಂ ಫ್ರೇ ಮುಂದಿಟ್ಟರು. ಆಲ್ಜೈಮರ್ ರೋಗಿಗಳಿಗೆ ಮೂಗಿನಲ್ಲಿ ಇನ್ಸುಲಿನ್ ಕೊಟ್ಟ ಮೊದಲ ಸಣ್ಣ ಪರೀಕ್ಷೆಗಳು ಆಸೆ ಹುಟ್ಟಿಸಿದವು. ಆದರೆ 2020ರಲ್ಲಿ ಪ್ರಕಟವಾದ, 289 ಜನರನ್ನೊಳಗೊಂಡ ಪರೀಕ್ಷೆಯಲ್ಲಿ ಬುದ್ಧಿಶಕ್ತಿಗೆ ಪ್ರಯೋಜನ ಕಂಡುಬರಲಿಲ್ಲ. ಅಪಸ್ಮಾರದ ಸೆಳವಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿಡಜೋಲಾಂ ಸ್ಪ್ರೇ ಫಲಕಾರಿಯೇ ಸರಿ. ಅದು ಮೂಗಿನಿಂದ ಮುಖ್ಯವಾಗಿ ರಕ್ತಕ್ಕೆ ಸೇರಿ, ಆ ತಡೆಯನ್ನು ತಾನೇ ದಾಟಿ ಮೆದುಳನ್ನು ಮುಟ್ಟುತ್ತದೆ. ಆದುದರಿಂದ ನಸ್ಯದ ಪ್ರಶ್ನೆ ಕೇಳುವ ವಿದ್ಯಾರ್ಥಿಗೆ, ಔಷಧವು ಯಾವ ಬಾಗಿಲಿನಿಂದ ಒಳಹೊಕ್ಕಿತೆಂಬುದನ್ನು ಮೊದಲು ಕೇಳೆಂದು ನಾವು ಹೇಳುತ್ತೇವೆ.