ಪಾದರಸದ ಪಟ್ಟಿ

ಸಿಫಿಲಿಸ್, ಅಂದರೆ ನಮ್ಮವರು ಫಿರಂಗಿ ರೋಗವೆಂದು ಕರೆದ ವ್ಯಾಧಿಗೆ ಯೂರೋಪಿನ ವೈದ್ಯರು ಹದಿನಾರನೆಯ ಶತಮಾನದಿಂದ ನಂಬಿದ್ದ ಮದ್ದು ಪಾದರಸ. ಕೊಬ್ಬಿನಲ್ಲಿ ಅರೆದ ಪಾದರಸವನ್ನು ಮೈಗೆ ತಿಕ್ಕುವುದು, ಬಳಿಕ ರೋಗಿಯನ್ನು ಬಿಸಿ ಕೋಣೆಯಲ್ಲಿ ಕೂರಿಸುವುದು: ಇದು ಚಿಕಿತ್ಸೆಯ ಕ್ರಮವಾಗಿದ್ದಿತು. ಬಾಯಿಂದ ಜೊಲ್ಲು ಸುರಿದಷ್ಟೂ ರೋಗ ಹೊರಬಿದ್ದಿತೆಂದು ಎಣಿಕೆ. ಮೈಮೇಲೆ ಗುಳ್ಳೆಯೆದ್ದರೆ? ಅದನ್ನು ರೋಗದ ಖಾತೆಗೇ ಜಮೆ ಮಾಡಿ ಮತ್ತಷ್ಟು ಮುಲಾಮು ತಿಕ್ಕುವುದು ಸುಲಭ.

ಈ ಲೆಕ್ಕವನ್ನು ತಿದ್ದಲು ಹೊರಟವರಲ್ಲಿ ಜಾರ್ಜ್ ಆಲಿ ಎಂಬ ವೈದ್ಯನೊಬ್ಬ. ಈ ಗುಳ್ಳೆಗಳು ರೋಗದವಲ್ಲ, ಪಾದರಸದವು ಎಂದು 1810ರ ತನ್ನ ಪುಸ್ತಕದಲ್ಲಿ ವಾದಿಸಿ, ಅವಕ್ಕೆ ‘ಹೈಡ್ರಾರ್ಜಿರಿಯ’ ಎಂದು ಹೆಸರಿಟ್ಟನು. ಆದರೂ ಒಗಟು ಉಳಿಯಿತು. ಹಲವರಿಗೆ ಒಗ್ಗಿದ ಮುಲಾಮು ಒಬ್ಬನಿಗೆ ಮಾತ್ರ ಮುನಿಯುವುದೇಕೆ?

1895ರಲ್ಲಿ ಗ್ರಾಟ್ಸ್ ನಗರದಲ್ಲಿ ಜರ್ಮನ್ ಚರ್ಮವೈದ್ಯರ ಸಮ್ಮೇಳನ ಸೇರಿತು. ಅಲ್ಲಿ ಯೋಸೆಫ್ ಯಾಡಾಸೋನ್ ತನ್ನ ಪ್ರಯೋಗವನ್ನು ಮುಂದಿಟ್ಟನು. ಪಾದರಸದ ಮುಲಾಮಿನಿಂದ ಇಸಬು ಎದ್ದಿದ್ದ ರೋಗಿಯ ತೋಳಿಗೆ ಪಾದರಸದ ಪುಟ್ಟ ಪಟ್ಟಿಯೊಂದನ್ನು ಅಂಟಿಸಿದ್ದನು. ಪಟ್ಟಿ ತಗುಲಿದ ಜಾಗದಲ್ಲಿ ಇಸಬು ಮರುಕಳಿಸಿತು. ತಪ್ಪು ಮದ್ದಿನದೂ ಅಲ್ಲ, ಮೈಯದೂ ಅಲ್ಲ, ಇವೆರಡೂ ಕೂಡಿದಾಗಿನದು. ‘ಅಲರ್ಜಿ’ ಎಂಬ ಮಾತು ಹುಟ್ಟಿದ್ದು ಆಮೇಲೆ, 1906ರಲ್ಲಿ.

ಮಿನಮಾಟಾ ಒಪ್ಪಂದದ ಪ್ರಕಾರ ಚರ್ಮಕ್ಕೆ ಹಚ್ಚುವ ಪಾದರಸದ ನಂಜುನಿರೋಧಕಗಳ ತಯಾರಿಕೆಗೆ 2020 ಕೊನೆಯ ಗಡುವಾಗಿತ್ತು. ಯಾಡಾಸೋನನ ಪಟ್ಟಿ ಮಾತ್ರ ಉಳಿದಿದೆ. ಕೂದಲ ಬಣ್ಣವೋ, ಒಡವೆಯ ನಿಕ್ಕಲ್ಲೋ, ಯಾವುದು ಒಗ್ಗದೆಂದು ತಿಳಿಯಲು ವೈದ್ಯರು ಇಂದಿಗೂ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಕಾಯುತ್ತಾರೆ.