ಕಾಯಕ, ದಾಸೋಹ ಮತ್ತು ಸಮಾಜವಾದ: ಕಾಗೋಡಿನ ಕೊಳಗ ಕೇಳಿದ ಪ್ರಶ್ನೆ

ಬಸವಣ್ಣನವರನ್ನು ಜಗತ್ತಿನ ಪ್ರಥಮ ಸಮಾಜವಾದಿ ಎಂದು ಕರೆಯುವುದು ಶರಣ ಸಾಹಿತ್ಯದ ವೇದಿಕೆಗಳಲ್ಲಿ ರೂಢಿಯಾಗಿದೆ. ಈ ಮಾತಿನಲ್ಲಿ ಅಭಿಮಾನವಿದೆ, ಸತ್ಯಾಂಶವೂ ಇದೆ. ಆದರೆ ಹೋಲಿಕೆಯು ಸಾರ್ಥಕವಾಗಬೇಕಾದರೆ ಸಮಾಜವಾದವೆಂದರೇನು, ಶರಣರ ಕಾಯಕ-ದಾಸೋಹಗಳೆಂದರೇನು ಎಂಬುದನ್ನು ಮೊದಲು ಪ್ರತ್ಯೇಕವಾಗಿ ಅರಿಯಬೇಕಾಗುತ್ತದೆ.

ಸಮಾಜವಾದವು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ, ಕೈಗಾರಿಕಾ ಕ್ರಾಂತಿಯ ಬೇಗೆಯಲ್ಲಿ ರೂಪುಗೊಂಡ ಸಿದ್ಧಾಂತ. ಹತ್ತಿಗಿರಣಿಗಳಲ್ಲಿ ಎಳೆಯ ಮಕ್ಕಳೂ ದಿನವಿಡೀ ದುಡಿಯುತ್ತಿದ್ದ ಕಾಲವದು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಗಿರಣಿಯನ್ನು ನಡೆಸುತ್ತಿದ್ದ ರಾಬರ್ಟ್ ಓವೆನ್ ದುಡಿಮೆಯ ಅವಧಿಯನ್ನು ಇಳಿಸಿ, ಕಾರ್ಮಿಕರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1848ರಲ್ಲಿ ಮಾರ್ಕ್ಸ್ ಮತ್ತು ಏಂಗೆಲ್ಸ್ ತಮ್ಮ ಪ್ರಣಾಳಿಕೆಯನ್ನು ಪ್ರಕಟಿಸಿದರು. ಮಾರ್ಗಗಳು ಭಿನ್ನವಾದರೂ ಈ ಚಿಂತಕರೆಲ್ಲರ ತಿರುಳು ಹತ್ತಿರದ್ದು: ದುಡಿಮೆಯ ಫಲ ದುಡಿದವನಿಗೆ ಸಲ್ಲಬೇಕು, ಭೂಮಿ, ಯಂತ್ರ ಮೊದಲಾದ ಉತ್ಪಾದನಾ ಸಾಧನಗಳು ಕೆಲವೇ ಜನರ ಸ್ವತ್ತಾಗದೆ ಸಮಾಜದ ಹಿಡಿತದಲ್ಲಿರಬೇಕು, ಪೈಪೋಟಿಗಿಂತ ಸಹಕಾರವೇ ಬಾಳಿನ ತಳಹದಿಯಾಗಬೇಕು. ಭಾರತದಲ್ಲಿ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವು ಹುಟ್ಟಿತು. ಆಚಾರ್ಯ ನರೇಂದ್ರದೇವ, ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಮೊದಲಾದವರು ಅದರ ಮುಂದಾಳುಗಳು. ಈ ನೆಲದ ಅಸಮಾನತೆಗೆ ಆಸ್ತಿಯಷ್ಟೇ ಜಾತಿಯೂ ಬೇರು ಎಂಬುದನ್ನು ಲೋಹಿಯಾ ಒತ್ತಿ ಹೇಳಿದರು.

ಇನ್ನು ಶರಣರತ್ತ ನೋಡೋಣ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಸರ್ವವಿದಿತ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದರು. ಅಗತ್ಯಕ್ಕೆ ಮೀರಿದ ಸಂಗ್ರಹ ಬಡವರ ಮನೆಯಲ್ಲಿಯೂ ಸಲ್ಲದು ಎಂಬುದು ಆ ತಾಯಿಯ ನಿಲುವು. ಸತ್ಯಶುದ್ಧವಾಗಿ ದುಡಿಯುವುದು ಕಾಯಕ. ದುಡಿದುದನ್ನು ತನ್ನದೆನ್ನದೆ ಸಮಾಜಕ್ಕೆ ಸವೆಸುವುದು ದಾಸೋಹ. ದುಡಿಮೆಯ ಘನತೆ, ಸಂಗ್ರಹದ ನಿರಾಕರಣೆ, ಕುಲಭೇದದ ತಿರಸ್ಕಾರ ಇವುಗಳಲ್ಲಿ ಶರಣರೂ ಸಮಾಜವಾದಿಗಳೂ ಸಮೀಪವರ್ತಿಗಳು.

ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಲಾಗದು. ದಾಸೋಹವು ಗಳಿಸಿದವನ ಅಂತರಂಗವನ್ನು ಉದ್ದೇಶಿಸಿ ಮಾತನಾಡುತ್ತದೆ. ಅದರ ಬಲ ಭಕ್ತಿಯಲ್ಲಿದೆ. ಸಮಾಜವಾದವು ಗಳಿಕೆಗೂ ಹಿಂದೆ ಹೋಗಿ, ನೆಲ ಯಾರದು, ಅಳೆಯುವ ಕೊಳಗ ಯಾರ ಕೈಯಲ್ಲಿದೆ ಎಂದು ಕೇಳುತ್ತದೆ. ಅದರ ಬಲ ಸಂಘಟನೆ ಮತ್ತು ಕಾನೂನಿನಲ್ಲಿದೆ. ಈ ಎರಡನೆಯ ಪ್ರಶ್ನೆಯ ಅಗತ್ಯವೇನೆಂಬುದನ್ನು ಕನ್ನಡ ನಾಡಿನದೇ ಒಂದು ಘಟನೆ ತೋರಿಸಿಕೊಟ್ಟಿತು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ ಭತ್ತ ಬೆಳೆಯುತ್ತಿದ್ದ ಗೇಣಿದಾರರಲ್ಲಿ ದೀವರ ಸಮುದಾಯದವರೇ ಹೆಚ್ಚು. ಗೇಣಿಯ ಭತ್ತವನ್ನು ಅಳೆಯಲು ಭೂಮಾಲೀಕರು ರೂಢಿಯ ಪ್ರಮಾಣಕ್ಕಿಂತ ದೊಡ್ಡದಾದ ಕೊಳಗವನ್ನು ಬಳಸುತ್ತಿದ್ದರು. ಕೊಟ್ಟ ಗೇಣಿಗೆ ರಶೀದಿಯಿರಲಿಲ್ಲ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರಲ್ಲಿ ರೈತರು ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಹೋರಾಟಕ್ಕೆ ಹೆಗಲು ಕೊಟ್ಟರು. ಸ್ವತಃ ಲೋಹಿಯಾ ಅವರೇ ಬಂದು ಬಂಧಿತರಾದರು.

ಇಲ್ಲಿ ಲಿಂಗಾಯತ ಸಮಾಜವು ಗಮನಿಸಬೇಕಾದ ಸಂಗತಿಯೊಂದಿದೆ. ಕಾಗೋಡಿನ ಭೂಮಾಲೀಕ ಒಡೆಯರ ಮನೆತನವು ಲಿಂಗಾಯತ ಸಮಾಜಕ್ಕೆ ಸೇರಿತ್ತು. ಕಾಯಕವನ್ನು ಪೂಜೆಯೆಂದು ಸಾರಿದ ಪರಂಪರೆಯ ವಾರಸುದಾರರ ಅಂಗಳದಲ್ಲಿಯೇ, ಕಾಯಕಜೀವಿಯ ಭತ್ತವು ದೊಡ್ಡ ಕೊಳಗದಲ್ಲಿ ಅಳೆಯಲ್ಪಟ್ಟಿತು. ಒಂದು ಹಿಡಿ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನ ಮನೆಗೂ ಈ ಅಂಗಳಕ್ಕೂ ನಡುವೆ ಎಷ್ಟು ಅಂತರ! ಇದು ಒಂದು ಮನೆತನದ ದೋಷವಷ್ಟೇ ಅಲ್ಲ. ಒಡೆತನವು ಪ್ರಶ್ನಾತೀತವಾದ ಕಡೆಗಳಲ್ಲೆಲ್ಲ ತತ್ತ್ವವು ನಾಲಗೆಯ ಮೇಲೆ ಉಳಿದು, ಕೊಳಗವು ಬೆಳೆಯುತ್ತದೆ.

ಕಾಗೋಡಿನ ಹೋರಾಟ ತಕ್ಷಣಕ್ಕೆ ಗೆಲ್ಲಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ಶಾಸನಸಭೆಯನ್ನು ಪ್ರವೇಶಿಸಿದರು. ಗೇಣಿದಾರರ ಅಳಲು ಅಲ್ಲಿ ದನಿ ಪಡೆಯಿತು. ಅವರು 1972ರಲ್ಲಿ ತಮ್ಮ ಕನಸಿನ ಫಲವನ್ನು ಕಾಣದೆಯೇ ಅಗಲಿದರು. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಪದ್ಧತಿ ರದ್ದಾಯಿತು. ಗೇಣಿ ಭೂಮಿಯು ಸರ್ಕಾರಕ್ಕೆ ಸೇರಿ, ತಾಲ್ಲೂಕು ಭೂನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಹಕ್ಕು ದೊರೆಯಿತು. ಮಠ-ಮಂದಿರಗಳ ಗೇಣಿ ಭೂಮಿಯೂ ಇದರ ವ್ಯಾಪ್ತಿಗೆ ಬಂದಿತು. ಪ್ರತಿಯಾಗಿ ಅವುಗಳಿಗೆ ವರ್ಷಾಶನ ನಿಗದಿಯಾಯಿತು. ಇದನ್ನು ನಷ್ಟವೆಂದು ಬಗೆದವರುಂಟು. ಶರಣತತ್ತ್ವದ ಕಣ್ಣಿನಿಂದ ನೋಡಿದರೆ, ಸ್ವಯಂಪ್ರೇರಣೆಯಿಂದ ನಡೆಯಬೇಕಿದ್ದ ದಾಸೋಹವನ್ನು ಕಾನೂನು ನಡೆಸಿತು ಎನ್ನಬೇಕಾಗುತ್ತದೆ.

ಕಾನೂನೊಂದೇ ಸಾಕೆಂದೂ ಇದರ ಅರ್ಥವಲ್ಲ. ಹೊಲ ಪಡೆದ ಗೇಣಿದಾರನು ತನ್ನ ಕೂಲಿಯಾಳಿಗೆ ನ್ಯಾಯವಾದ ಕೂಲಿಯನ್ನು ಕೊಡದಿದ್ದರೆ ಒಡೆಯನು ಬದಲಾದಂತಾಯಿತೇ ಹೊರತು ಒಡೆತನದ ಮದವು ಅಳಿಯಲಿಲ್ಲ. ಆ ಮದವನ್ನು ಕರಗಿಸುವುದು ಕಾಯಕ-ದಾಸೋಹಗಳ ಕೆಲಸ. ಆ ಮದಕ್ಕೆ ಬಲಿಯಾದವನನ್ನು ಕಾಪಾಡುವುದು ಸಮಾಜವಾದದ ಕೆಲಸ. ಬಸವಣ್ಣನವರನ್ನು ಸಮಾಜವಾದಿಯೆಂದು ಕೊಂಡಾಡುವವರು ತಮ್ಮ ಅಂಗಡಿಯ ತಕ್ಕಡಿಯನ್ನು, ತಮ್ಮ ಹೊಲದ ಕೂಲಿಯ ಲೆಕ್ಕವನ್ನು ಒಮ್ಮೆ ಪರಿಶೀಲಿಸಿಕೊಂಡರೆ ಆ ಕೊಂಡಾಟಕ್ಕೆ ಅರ್ಥ ಬರುತ್ತದೆ.