ಬ್ರಿಸ್ಟಲ್ ಬಸ್ ಬಹಿಷ್ಕಾರ

ಬ್ರಿಸ್ಟಲ್ ಬಸ್ ಬಹಿಷ್ಕಾರವು 1963ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವರ್ಣಭೇದದ ವಿರುದ್ಧ ನಡೆದ ಚಳವಳಿ. ಕೆರಿಬಿಯನ್ ಹಾಗೂ ಏಷ್ಯಾ ಮೂಲದ ವಲಸಿಗರನ್ನು ಬಸ್ ಚಾಲಕ, ನಿರ್ವಾಹಕ ಹುದ್ದೆಗಳಿಗೆ ಸೇರಿಸಿಕೊಳ್ಳಲು ಬ್ರಿಸ್ಟಲ್ ಆಮ್ನಿಬಸ್ ಕಂಪನಿಯು ನಿರಾಕರಿಸುತ್ತಿತ್ತು. ವಿಪರ್ಯಾಸವೆಂದರೆ, ಕಾರ್ಮಿಕ ಸಂಘದ ಸ್ಥಳೀಯ ಶಾಖೆಯೂ ಇದರ ಪರವಾಗಿತ್ತು. ಇಂತಹ ನಿರಾಕರಣೆಯು ಆಗ ಕಾನೂನುಬಾಹಿರವಾಗಿರಲಿಲ್ಲ. ರಾಯ್ ಹ್ಯಾಕೆಟ್, ಪಾಲ್ ಸ್ಟೀಫನ್‌ಸನ್ ಮೊದಲಾದವರ ನೇತೃತ್ವದಲ್ಲಿ ಏಪ್ರಿಲ್ 30ರಂದು ಆರಂಭವಾದ ಬಹಿಷ್ಕಾರವನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಮೆರವಣಿಗೆ ನಡೆಸಿ ಬೆಂಬಲಿಸಿದರು. ಆಗಸ್ಟ್ 28ರಂದು ಕಂಪನಿಯು ಮಣಿಯಿತು. ಸೆಪ್ಟೆಂಬರಿನಲ್ಲಿ ಸಿಖ್ ಸಮುದಾಯದ ರಘುಬೀರ್ ಸಿಂಗ್ ನಗರದ ಮೊದಲ ಶ್ವೇತೇತರ ನಿರ್ವಾಹಕರಾದರು.

ಹೆರಾಲ್ಡ್ ವಿಲ್ಸನ್ ಸರ್ಕಾರವು 1965ರಲ್ಲಿ ಜನಾಂಗ ಸಂಬಂಧಗಳ ಕಾಯಿದೆಯನ್ನು ತಂದು, ಹೋಟೆಲು ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. ಬ್ರಿಸ್ಟಲಿನ ವಿವಾದಕ್ಕೆ ಮೂಲವಾಗಿದ್ದ ಉದ್ಯೋಗ ಕ್ಷೇತ್ರವೇ ಅದರಿಂದ ಹೊರಗುಳಿದಿತ್ತು. 1968ರ ಕಾಯಿದೆಯು ಉದ್ಯೋಗ ಮತ್ತು ವಸತಿಗಳಿಗೂ ಈ ನಿಷೇಧವನ್ನು ವಿಸ್ತರಿಸಿತು.